ತಕರಾರಮ್ಮ ಕುಡಿಯದ ಟೀ

ಸರ್ಕಾರದ ಗೃಹಸಾಲ ಸಂಸ್ಥೆಯವರು ತಮ್ಮ ಲೆಕ್ಕ ತಪಾಸಣೆಗೆ ಪ್ರತಿವರ್ಷ ಬರುವ ಹೆಂಗಸಿಗೆ ತಕರಾರಮ್ಮ ಎಂದು ಹೆಸರಿಟ್ಟಿದ್ದರು. ಎದುರಿಗೆ ಮೇಡಂ, ಬೆನ್ನ ಹಿಂದೆ ತಕರಾರಮ್ಮ. ಆಕೆಗೆ ಅದು ಗೊತ್ತಿತ್ತು, ಒಳಗೊಳಗೇ ಸಂತೋಷವೂ ಇತ್ತು. ತಾನು ಕಾಲ ಕಸಕ್ಕಿಂತ ಕಡೆಯಾಗಿ ಕಾಣುವ ಜನ ತನ್ನನ್ನು ಪ್ರೀತಿಸುತ್ತಿದ್ದಾರೆಂದು ಯಾರಾದರೂ ಹೇಳಿದ್ದರೆ ಆಕೆಗೆ ಊಟ ಸೇರುತ್ತಿರಲಿಲ್ಲ.

ತಿರಸ್ಕಾರದ ವಿಷಯದಲ್ಲಿ ಆಕೆ ಧಾರಾಳಿ. ಆ ಸಂಸ್ಥೆಯ ಗಾಜಿನ ಕೌಂಟರುಗಳನ್ನೇ ತೆಗೆದುಕೊಳ್ಳಿ. ಗಾಜಿನಲ್ಲಿ ಮಾತಾಡಲೆಂದು ಕೊರೆದ ಅರ್ಧಚಂದ್ರದ ಕಿಂಡಿ ಎಷ್ಟು ಕೆಳಗಿತ್ತೆಂದರೆ, ಸಾಲ ಕೇಳಲು ಬಂದವರು ಸೊಂಟ ಬಗ್ಗಿಸಿ ಕುತ್ತಿಗೆ ಓರೆ ಮಾಡಿ ಮಾತಾಡಬೇಕು. ಒಳಗೆ ಕೂತವರಿಗೆ ಎದುರಿನವರ ಮುಖ ಕಾಣದು, ಬಾಯಿ ಮಾತ್ರ ಕಾಣುತ್ತದೆ. ಆದ್ದರಿಂದಲೇ ಇವರು ಜನರನ್ನು ಬರೀ ಬಾಯಿ ಅಂದುಕೊಂಡಿದ್ದಾರೆ ಎಂಬುದು ತಕರಾರಮ್ಮನ ಸಿದ್ಧಾಂತ. ಗೃಹ ಬೇಕೆಂದು ಬಂದವರಿಗೆ ಇಲ್ಲಿ ಧಾರಾಳವಾಗಿ ಸಿಗುತ್ತಿದ್ದುದು ಗ್ರಹಚಾರ.

ಆ ಕಚೇರಿಯ ಮ್ಯಾನೇಜರಿಗೆ ನೋಡೋಣ ಸಾಹೇಬ ಎಂದು ಹೆಸರು. ಯಾವುದನ್ನು ಕೇಳಿದರೂ ‘ನೋಡೋಣ’ ಎನ್ನುತ್ತಿದ್ದ. ಆದರೆ ಅಷ್ಟು ವರ್ಷಗಳಲ್ಲಿ ಆತ ಕಣ್ಣಿಟ್ಟು ನೋಡಿದ್ದು ಗೋಡೆ ಗಡಿಯಾರ ಒಂದನ್ನೇ. ಇನ್ನು ಸಂಸ್ಥೆಯದೇ ಸಂಬಳ ತಿಂದು ಸಂಸ್ಥೆಯದೇ ತಪ್ಪು ಹುಡುಕಬೇಕಾದ ಆಂತರಿಕ ಪರಿಶೋಧಕ ಅಂತ ಒಬ್ಬರಿದ್ದರು. ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಗಾದೆಗೆ ಕೈಕಾಲು ಮೂಡಿ, ಅದಕ್ಕೊಂದು ಕುರ್ಚಿ ಹಾಕಿಕೊಟ್ಟರೆ ಹೇಗಿರುತ್ತದೋ ಹಾಗಿದ್ದರು. ಅವರ ಕುರ್ಚಿ ಬಹುಪಾಲು ಖಾಲಿ. ಎಲ್ಲಿ ಎಂದರೆ ಕ್ಯಾಂಟೀನಿನಲ್ಲಿ.

ಕ್ಯಾಂಟೀನ್ ಎಂದರೆ ತಕರಾರಮ್ಮನಿಗೆ ಆಗದು. ಕೆಲಸಕ್ಕೆ ಸೇರಿದ ಹೊಸದರಲ್ಲೇ ಆಕೆಯ ಮೇಲಧಿಕಾರಿ ಕಿವಿಯಲ್ಲಿ ಊದಿದ್ದರು: ‘ಲೆಕ್ಕ ನೋಡೋಕೆ ಹೋದ ಕಡೆ ಒಂದು ಲೋಟ ನೀರೂ ಮುಟ್ಟಬೇಡಮ್ಮ. ಇವತ್ತು ಟೀ ತಗೊಂಡೋರು ನಾಳೆ ಟೀವಿ ತಗೋತಾರೆ.’ ಆ ಮಾತನ್ನು ಆಕೆ ವ್ರತದಂತೆ ಹಿಡಿದಳು. ಎಲ್ಲಿಗೆ ಹೋದರೂ ಮನೆಯಿಂದ ತಂದ ಫ್ಲಾಸ್ಕು. ಗೃಹಸಾಲ ಸಂಸ್ಥೆಯ ಕ್ಯಾಂಟೀನು ಕಟ್ಟಡದ ಹಿಂಭಾಗದಲ್ಲಿತ್ತು. ಅದರ ಬಾಗಿಲು ಯಾವ ಕಡೆಗಿದೆ ಎಂಬುದೂ ಆಕೆಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂಬ ಹೆಮ್ಮೆ ಮಾತ್ರ ಇತ್ತು.

ಈಗ ಪತ್ರದ ಕೋಣೆಯ ವಿಷಯ. ಸಾಲ ತೆಗೆದುಕೊಂಡವರು ತಮ್ಮ ಮನೆಯ ಮೂಲ ಪತ್ರಗಳನ್ನು ಸಂಸ್ಥೆಯಲ್ಲಿ ಅಡವಿಡಬೇಕು, ಸಾಲ ತೀರಿದ ಮೇಲೆ ವಾಪಸ್ ಪಡೆಯಬೇಕು. ಅವನ್ನಿಡುವ ಕೋಣೆಗೆ ತಕರಾರಮ್ಮನ ಕಚೇರಿಯ ಒತ್ತಾಯದಿಂದಲೇ ಉಕ್ಕಿನ ಬಾಗಿಲು ಬಂದಿತ್ತು. ಅದಕ್ಕೆ ಎರಡು ಬೀಗ. ಇಬ್ಬರು ಮೇಲ್ವಿಚಾರಕರ ಹತ್ತಿರ ಒಂದೊಂದು ಬೀಗದ ಕೈ. ಇಬ್ಬರೂ ಒಟ್ಟಿಗೆ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಒಬ್ಬರನ್ನೊಬ್ಬರು ಕಾಯುತ್ತಾರೆ, ಹೀಗಾಗಿ ಕಳ್ಳತನ ನಡೆಯುವುದಿಲ್ಲ. ಇದಕ್ಕೆ ಆಂತರಿಕ ನಿಯಂತ್ರಣ ಎಂದು ಹೆಸರು.

ದೊಡ್ಡ ಬೀಗದ ಕೈ ಸಾಲ ವಿಭಾಗದ ಮೇಲ್ವಿಚಾರಕನ ಹತ್ತಿರ, ಚಿಕ್ಕ ಬೀಗದ ಕೈ ದಾಖಲೆ ವಿಭಾಗದ ಮೇಲ್ವಿಚಾರಕಿಯ ಹತ್ತಿರ. ಕಚೇರಿಯಲ್ಲಿ ಅವರ ಹೆಸರೇ ದೊಡ್ಡ ಬೀಗ, ಚಿಕ್ಕ ಬೀಗ ಎಂದಾಗಿತ್ತು. ದಿನಾ ಬೆಳಿಗ್ಗೆ ಸಂಜೆ ಒಂದೇ ಬಾಗಿಲ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಂತು ನಿಂತು, ಬೀಗದ ಕೈ ಹಿಡಿದವಳ ಕೈಯನ್ನೇ ಒಂದು ದಿನ ಆತ ಹಿಡಿದ. ಮದುವೆಯಾಯಿತು. ಕಚೇರಿಯವರೆಲ್ಲ ಹೋಗಿ ಉಂಡು ಬಂದರು. ತಕರಾರಮ್ಮ ಆ ವರ್ಷದ ವರದಿಯಲ್ಲಿ ಹೀಗೆ ಬರೆದಳು: ‘ಇಬ್ಬರು ಬೇರೆ ಬೇರೆ ವ್ಯಕ್ತಿಗಳ ವಶದಲ್ಲಿರಬೇಕಾದ ಎರಡು ಬೀಗದ ಕೈಗಳು ಈಗ ಪ್ರತಿರಾತ್ರಿ ಒಂದೇ ಮನೆಯ ಒಂದೇ ಮೊಳೆಗೆ ನೇತಾಡುತ್ತಿರುವುದು ಆಕ್ಷೇಪಾರ್ಹ.’

ಬುದ್ಧಿ ಇದ್ದವರಾಗಿದ್ದರೆ ಒಂದು ಬೀಗದ ಕೈಯನ್ನು ಬೇರೆಯವರಿಗೆ ಕೊಡುತ್ತಿದ್ದರು. ಆದರೆ ಬೀಗದ ಕೈ ಇಟ್ಟುಕೊಂಡವರಿಗೆ ಸಂಬಳದ ಜೊತೆ ಚೂರು ಭತ್ಯೆ ಇತ್ತು. ಅದು ಎಷ್ಟು ಚೂರೆಂದರೆ ಚಪ್ಪಲಿ ಹೊಲಿಸಲೂ ಸಾಲದು. ಆದರೂ ಗಂಡ ಬಿಡಲಿಲ್ಲ, ಹೆಂಡತಿಯೂ ಬಿಡಲಿಲ್ಲ, ನೋಡೋಣ ಸಾಹೇಬ ‘ನೋಡೋಣ’ ಎಂದ. ಕೊನೆಗೆ ಸಂಸ್ಥೆಯಿಂದ ಉತ್ತರ ಬಂತು: ಸದರಿ ದಂಪತಿಗಳು ಬೇರೆ ಬೇರೆ ಮನೆಗಳಲ್ಲಿ ವಾಸವಾಗಿರುತ್ತಾರೆ, ಇಬ್ಬರ ಪ್ರಮಾಣಪತ್ರ ಲಗತ್ತಿಸಿದೆ.

ಓದಿ ತಕರಾರಮ್ಮನಿಗೆ ನಗು ಬಂತು. ನಗುವನ್ನು ನುಂಗಿ ಬರೆದಳು: ‘ಸ್ಥಳ ಪರಿಶೀಲಿಸಿ ವರದಿ ಸಲ್ಲಿಸುವುದು.’

ಪರಿಶೀಲನೆಗೆ ಬರುತ್ತಾರೆಂದು ಚಿಕ್ಕ ಬೀಗ ಒಂದು ಪೆಟ್ಟಿಗೆ ಬಟ್ಟೆ ಹೊತ್ತುಕೊಂಡು ಅಮ್ಮನ ಮನೆಗೆ ಹೋದಳು. ಎರಡು ದಿನದ ನಾಟಕ ಎಂದುಕೊಂಡಿದ್ದಳು. ಅಲ್ಲಿ ಒಂದು ದೊಡ್ಡ ಕಿಟಕಿ ಇತ್ತು. ‘ನನ್ನ ಕಾಲುಚೀಲ ಎಲ್ಲಿಟ್ಟೆ’ ಎಂದು ಯಾರೂ ಕೇಳುತ್ತಿರಲಿಲ್ಲ. ಪರಿಶೀಲನೆ ಮುಗಿದ ಮೇಲೂ ಆಕೆ ವಾಪಸ್ ಬರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರು ಉಣ್ಣುವುದೂ ಬೇರೆ ಕಡೆ, ಮಲಗುವುದೂ ಬೇರೆ ಕಡೆಯಾದ್ದರಿಂದ ಜಗಳಕ್ಕೆ ಮುಗಿಯಲು ಜಾಗವೇ ಸಿಗಲಿಲ್ಲ. ಆತ ಕಚೇರಿಗೆ ಬಂದರೆ ಆಕೆ ರಜಾ. ಆಕೆ ಬಂದರೆ ಆತ ಹೊರಗಿನ ಕೆಲಸಕ್ಕೆಂದು ಹೊರಟ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಉಕ್ಕಿನ ಬಾಗಿಲು ಮುಚ್ಚಿದ್ದು ಮುಚ್ಚಿದಂತೆಯೇ. ಬೀಗದ ಕೈಯನ್ನು ಇನ್ನೊಬ್ಬರಿಗೆ ವರ್ಗಾಯಿಸೋಣವೆಂದರೆ, ಇಬ್ಬರೂ ಒಟ್ಟಿಗೆ ಒಳಗೆ ಹೋಗಿ ಪತ್ರಗಳನ್ನು ತಾಳೆ ನೋಡಿ ಸಹಿ ಹಾಕಬೇಕೆಂಬ ನಿಯಮ. ಆ ನಿಯಮವನ್ನು ಬರೆಸಿದ್ದೂ ತಕರಾರಮ್ಮನೇ.

ಇಷ್ಟೂ ಆಕೆಗೆ ತಮಾಷೆಯಾಗಿಯೇ ಇತ್ತು, ಅಕ್ಕನ ಸಾಲ ತೀರುವ ತನಕ.

ಅಕ್ಕ ಎಂದರೆ ಒಡಹುಟ್ಟಿದ ಅಕ್ಕ. ಅಪ್ಪ ಅಮ್ಮ ಬೇಗ ಹೋದ ಮೇಲೆ ತಂಗಿಯನ್ನು ಕಾನ್ವೆಂಟಿನಲ್ಲಿ ಓದಿಸಿ, ತಾನು ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದವಳು. ಊರೆಲ್ಲ ಅವಳನ್ನು ಸಿಸ್ಟರ್ ಎನ್ನುತ್ತಿತ್ತು. ತಂಗಿಗೆ ಮಾತ್ರ ಅದು ಸಮವಸ್ತ್ರ ಕಳಚಿದ ಮೇಲೂ ನಿಜವಾಗಿತ್ತು. ಇದೇ ಸಂಸ್ಥೆಯ ಸಾಲದಲ್ಲಿ ಅಕ್ಕ ಕೊಂಡಿದ್ದು ಮೂರನೇ ಮಹಡಿಯ ಮನೆ. ಲಿಫ್ಟ್ ಇಲ್ಲ. ಕೊಂಡಾಗ ಮಂಡಿಗಳು ಹೊಸವು. ಈಗ ಮನೆ ಗಟ್ಟಿಯಾಗಿದೆ, ಮಂಡಿ ಸವೆದಿದೆ. ಹಾಲು ತರಲು ಕೆಳಗಿಳಿದರೆ ಮೇಲೆ ಹತ್ತುವ ಹೊತ್ತಿಗೆ ಮೊಸರಾಗಿರುತ್ತದೆ ಎಂದು ಅವಳೇ ಹೇಳುತ್ತಿದ್ದಳು. ಎದುರು ಕಟ್ಟಡದ ನೆಲಮಹಡಿಯಲ್ಲಿದ್ದ ಔಷಧಿ ಅಂಗಡಿಯವನು ಮೇಲಿನ ಮನೆಯ ಗಾಳಿ ಬೆಳಕಿಗೆ ಆಸೆಪಟ್ಟು, ಮನೆಗೆ ಮನೆ ಅದಲು ಬದಲು ಮಾಡಿಕೊಳ್ಳಲು ಒಪ್ಪಿದ್ದ. ಅವನು ಕೇಳಿದ್ದು ಒಂದೇ, ಮೂಲ ಪತ್ರ. ಅದು ಉಕ್ಕಿನ ಬಾಗಿಲ ಹಿಂದೆ.

ಅಕ್ಕ ವಾರಕ್ಕೆ ಮೂರು ಸಲವಾದರೂ ಹೋಗಿ ಪತ್ರದ ಕೋಣೆಯ ಎದುರಿನ ಬೆಂಚಿನ ಮೇಲೆ ಕೂತು ಬರುತ್ತಿದ್ದಳು. ತಾನು ಯಾರ ಅಕ್ಕ ಎಂದು ಬಾಯಿ ಬಿಡಲಿಲ್ಲ. ತಂಗಿಯ ಕಟ್ಟಪ್ಪಣೆ ಹಾಗಿತ್ತು.

“ಇವತ್ತು ಯಾರು ಬಂದಿರಲಿಲ್ಲ, ಗಂಡನಾ ಹೆಂಡತೀನಾ?” ಒಂದು ಸಂಜೆ ತಕರಾರಮ್ಮ ಬಿಸಿನೀರಿನ ಚೀಲವನ್ನು ಅಕ್ಕನ ಮಂಡಿಗೆ ಇಡುತ್ತ ಕೇಳಿದಳು.

“ಗಂಡ. ಆ ಬೆಂಚಿಗೂ ನನ್ನ ಗುರುತು ಹತ್ತಿದೆ ಕಣೇ. ನಾನು ಕೂತ್ರೆ ಮಾತ್ರ ಕಿರ್ ಅನ್ನತ್ತೆ.”

“ಇನ್ನೊಂದು ಸ್ವಲ್ಪ ದಿನ.”

“ನೀನೂ ನೋಡೋಣ ಅನ್ನೋಕೆ ಶುರು ಮಾಡಿದ್ಯಾ? ಒಂದು ಮಾತು ಹೇಳಿದ್ರೆ ನಿನ್ನ ಗಂಟು ಹೋಗತ್ತಾ?”

“ಅವ್ರ ಲೆಕ್ಕ ನೋಡೋಳು ನಾನು. ಇವತ್ತು ಅಕ್ಕನ ಪತ್ರ ಕೊಡಿ ಅಂತ ಕೇಳಿದ್ರೆ, ನಾಳೆ ಅವ್ರು ನನ್ನ ಪೆನ್ ಕೊಡಿ ಅಂತಾರೆ.”

“ನಿನ್ನ ಪೆನ್ ಯಾರಿಗೆ ಬೇಕು? ಇಷ್ಟು ವರ್ಷದಿಂದ ಗೀಚ್ತಾ ಇದೀಯ, ಒಂದು ಬಾಗಿಲು ತೆಗೆಸೋಕಾಗ್ಲಿಲ್ಲ. ಮುಚ್ಚಿಸಿದ್ದೇ ನೀನು.”

ತಕರಾರಮ್ಮ ಮಾತು ಬದಲಿಸಿದಳು. “ಅಲ್ಲಿ ಟೀ ಗೀ ಕುಡೀಲಿಲ್ಲ ತಾನೆ?”

“ಅಯ್ಯೋ ಮಹಾತಾಯಿ, ಒಂದು ಹನಿ ನೀರೂ ಮುಟ್ಟಿಲ್ಲ. ಬೆಂಚಲ್ಲಿ ಕೂತೋರೆಲ್ಲ ಒಬ್ಬೊಬ್ಬರೇ ಎದ್ದು ಟೀಗೆ ಹೋಗ್ತಾರೆ. ಎಷ್ಟೋ ಜನ ಹೋದೋರು ವಾಪಸ್ಸೇ ಬರಲ್ಲ. ನಾವು ಐದಾರು ಜನ ದಡ್ಡರು ಮಾತ್ರ ಅಲ್ಲೇ ಗಟ್ಟಿ. ನಾನಂತೂ ನಿನ್ನ ಫ್ಲಾಸ್ಕ್ ತಬ್ಕೊಂಡು ಕೂತಿರ್ತೀನಿ, ಮಗೂನ ಲಸಿಕೆ ಹಾಕ್ಸೋಕೆ ತಂದೋಳ ಥರ.”

ವಾಪಸ್ಸೇ ಬರಲ್ಲ ಎಂಬ ಮಾತು ಯಾರ ಕಿವಿಗಾದರೂ ಚುಚ್ಚಬೇಕಿತ್ತು. ತಪ್ಪು ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದ ಕಿವಿಗೆ ಅದು ಚುಚ್ಚಲಿಲ್ಲ. ಬೇಸತ್ತು ಮನೆಗೆ ಹೋಗಿರಬೇಕು ಎಂದುಕೊಂಡಳು.

ಆ ವರ್ಷದ ತಪಾಸಣೆ ನಡೆಯುತ್ತಿದ್ದಾಗಲೇ ಔಷಧಿ ಅಂಗಡಿಯವನು ಅಕ್ಕನಿಗೆ ಹೇಳಿಕಳಿಸಿದ: ಬೇರೆ ಕಡೆ ಒಂದು ಮನೆ ನೋಡಿದ್ದೇನೆ, ಶನಿವಾರದೊಳಗೆ ಪತ್ರ ತೋರಿಸದಿದ್ದರೆ ಅಲ್ಲಿಗೆ ಮುಂಗಡ ಕೊಟ್ಟುಬಿಡುತ್ತೇನೆ, ಸಿಸ್ಟರ್ ಬೇಜಾರು ಮಾಡಿಕೊಳ್ಳಬಾರದು. ಅಕ್ಕ ಇದನ್ನು ಫೋನಿನಲ್ಲಿ ಹೇಳಿದಳಷ್ಟೆ, ಬೈಯಲಿಲ್ಲ. ಬೈದಿದ್ದರೆ ತಕರಾರಮ್ಮ ತಡೆದುಕೊಳ್ಳುತ್ತಿದ್ದಳು.

ಪತ್ರದ ಕೋಣೆಯನ್ನು ದಿಢೀರ್ ಪರಿಶೀಲಿಸುವ ಅಧಿಕಾರ ಆಕೆಗೆ ಎಂದಿನಿಂದಲೂ ಇತ್ತು. ಆದರೆ ಪ್ರತಿವರ್ಷ ‘ಎರಡೂ ಬೀಗದ ಕೈಗಳು ಸುರಕ್ಷಿತ’ ಎಂಬ ಪ್ರಮಾಣಪತ್ರ ಬರುತ್ತಿತ್ತು, ಆಕೆ ಅದರ ಮೇಲೆ ಟಿಕ್ ಹಾಕಿ ಮುಂದೆ ಹೋಗುತ್ತಿದ್ದಳು. ಶುಕ್ರವಾರ ಬೆಳಿಗ್ಗೆ ಪರಿಶೀಲನಾ ಪತ್ರ ತೆಗೆದು ಮೊದಲ ಸಾಲಿನಲ್ಲೇ ಬರೆದಳು: ಈ ಕೋಣೆಯಲ್ಲಿ ನನ್ನ ಅಕ್ಕನ ಪತ್ರವೂ ಇದೆ. ಬರೆದು ನೋಡೋಣ ಸಾಹೇಬನ ಮುಂದೆ ಇಟ್ಟಳು. ದೊಡ್ಡ ಬೀಗ, ಚಿಕ್ಕ ಬೀಗ ಇಬ್ಬರೂ ಈಗಲೇ ಬರಬೇಕು, ಬರದವರನ್ನು ಅಮಾನತು ಮಾಡಿಸುವಂತೆ ಸಂಜೆಯೊಳಗೆ ಮೇಲಕ್ಕೆ ಬರೆಯುತ್ತೇನೆ ಎಂದಳು.

ಸಾಹೇಬ ಮೊದಲ ಸಾಲು ಓದಿದವನೇ ಕರಗಿ ಬೆಣ್ಣೆಯಾದ. “ನಮ್ಮ ಅಕ್ಕಾವ್ರು ಅಂತ ಮೊದ್ಲೇ ಹೇಳಬಾರದಾ ಮೇಡಂ? ಆ ಬೆಂಚಲ್ಲಿ ಕೂರಿಸ್ತಿದ್ವಾ? ಇಷ್ಟಕ್ಕೆಲ್ಲ ಬಾಗಿಲು ಯಾಕೆ ತೆಗೀಬೇಕು?”

“ಬಾಗಿಲು ತೆಗೀದೆ ಪತ್ರ ಹೇಗೆ ಬರತ್ತೆ?”

“ಅದೂ ನಿಜ. ನೋಡೋಣ,” ಎಂದು ಆತ ಬೆವರು ಒರೆಸಿಕೊಂಡ.

ಅಮಾನತು ಎಂದ ಕೂಡಲೇ ಗಂಡ ಹೆಂಡತಿ ಇಬ್ಬರೂ ಒಂದೇ ಗಳಿಗೆಗೆ ಬಂದರು, ಆದರೆ ಒಂದೇ ಮೆಟ್ಟಿಲಿನಿಂದಲ್ಲ. ಒಬ್ಬರ ಮುಖ ಒಬ್ಬರು ನೋಡದೆ, ಆತ ದೊಡ್ಡ ಬೀಗ ತೆಗೆದು ಎಡಕ್ಕೆ ಸರಿದ, ಆಕೆ ಚಿಕ್ಕ ಬೀಗ ತೆಗೆದು ಬಲಕ್ಕೆ ಸರಿದಳು. ಉಕ್ಕಿನ ಬಾಗಿಲು ಹಲ್ಲು ಕಡಿದಂಥ ಸದ್ದು ಮಾಡಿ ತೆರೆಯಿತು. ಬೆಂಚಿನಲ್ಲಿದ್ದ ಅಕ್ಕ ಮತ್ತು ಉಳಿದವರು ಎದ್ದು ನಿಂತರು.

ಒಳಗೆ ಹಿಂದೆ ಮುಂದೆ ತೆರೆದ ಕಬ್ಬಿಣದ ಕಪಾಟುಗಳ ಸಾಲು. ಬಾಗಿಲ ಬಳಿ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ತಕರಾರಮ್ಮ ಒಳಗೊಳಗೆ ಹೋದಂತೆ ಧೂಳು ಕಡಿಮೆಯಾಯಿತು. ಕೊನೆಯ ಸಾಲಿಗೆ ಬಂದರೆ ನೆಲ ಥಳಥಳ. ಕಪಾಟಿನ ಹಲಗೆಯ ಮೇಲೆ ಲೋಟದ ತಳದ ಉಂಗುರಗಳು, ಒಂದರ ಮೇಲೊಂದು. ಏಲಕ್ಕಿ ವಾಸನೆ. ಇದೇನು ಎಂದು ಕೇಳಲು ಆಕೆ ತಿರುಗುವಷ್ಟರಲ್ಲಿ, ಕಪಾಟಿನ ಹಿಂದಿನ ಪ್ಲೈವುಡ್ ಗೋಡೆಯ ಒಂದು ಹಲಗೆ ಸರ್ರನೆ ಪಕ್ಕಕ್ಕೆ ಸರಿಯಿತು. ಒಂದು ಕೈ ಒಳಗೆ ಬಂತು. ತನ್ನ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಹುಡುಕುವ ಸಲೀಸಿನಲ್ಲಿ ಅದು ಕಪಾಟಿನ ಹಲಗೆಯುದ್ದಕ್ಕೂ ತಡವಿ, ಒಂದು ಪತ್ರದ ಲಕೋಟೆ ಎಳೆದುಕೊಂಡು ಹೊರಟುಹೋಯಿತು. ಹಲಗೆ ಮುಚ್ಚಿತು.

ಎಲ್ಲರೂ ಸಾಹೇಬನತ್ತ ತಿರುಗಿದರು.

“ಗಾಳಿ ಮೇಡಂ,” ಎಂದ ನೋಡೋಣ ಸಾಹೇಬ.

ತಕರಾರಮ್ಮ ಆತನನ್ನು ನೋಡಿದಳು. ಇಷ್ಟು ವರ್ಷ ಆತನಿಗಾಗಿ ತೆಗೆದಿಟ್ಟ ತಿರಸ್ಕಾರ ಸಾಲದೆ ಬಂದ ಮೊದಲ ಸಂದರ್ಭ ಅದು. ಹೊರಗೆ ಬಂದು, ದಾರಿ ಗೊತ್ತಿಲ್ಲದೆ ಎರಡು ಕಡೆ ತಪ್ಪು ತಿರುಗಿ, ಶೌಚಾಲಯದ ಪಕ್ಕದಿಂದ ಹಾದು, ಜೀವಮಾನದಲ್ಲಿ ಮೊದಲ ಬಾರಿಗೆ ಆ ಕ್ಯಾಂಟೀನಿನ ಒಳಗೆ ಕಾಲಿಟ್ಟಳು.

ಸ್ಟೌವ್, ಪಾತ್ರೆ, ನಾಲ್ಕು ಮೇಜು. ಗೋಡೆಗೆ ನೇತುಹಾಕಿದ ಬೋರ್ಡಿನಲ್ಲಿ ಟೀ, ಅದರ ಕೆಳಗೆ ಸ್ಪೆಷಲ್ ಟೀ. ಟೀಗೆ ಬೆಲೆ ಬರೆದಿತ್ತು, ಸ್ಪೆಷಲ್ ಟೀಗೆ ಬರೆದಿರಲಿಲ್ಲ. ಒಂದು ಮೇಜಿನಲ್ಲಿ ದಂಪತಿಗಳು ಮನೆಪತ್ರದ ಲಕೋಟೆ ಬಿಚ್ಚಿ, ಟೀ ಹೀರುತ್ತ, ಹೆಸರು ಸರಿಯಿದೆಯೇ ನೋಡುತ್ತಿದ್ದರು. ಇನ್ನೊಂದು ಮೇಜಿನಲ್ಲಿ ಆಂತರಿಕ ಪರಿಶೋಧಕರು ರಸ್ಕನ್ನು ಅದ್ದಿ ತಿನ್ನುತ್ತಿದ್ದರು. ಆಕೆಯನ್ನು ಕಂಡು ರಸ್ಕು ಕೈಜಾರಿ ಟೀಯಲ್ಲಿ ಮುಳುಗಿತು.

ಟೀಯವನಿಗೆ ಆಕೆ ಯಾರೆಂದು ಗೊತ್ತಿರಲಿಲ್ಲ. ಕ್ಯಾಂಟೀನಿಗೇ ಬಾರದವಳ ಪರಿಚಯ ಅವನಿಗೆ ಎಲ್ಲಿಂದ ಬರಬೇಕು? “ಸಾದಾನಾ, ಸ್ಪೆಷಲ್ಲಾ ಅಮ್ಮ?” ಎಂದು ಕೇಳಿದ. “ಸ್ಪೆಷಲ್ ಆದ್ರೆ ಸಾಲದ ನಂಬರ್ ಹೇಳಿ.”

“ಎಷ್ಟು ವರ್ಷದಿಂದ ಕೊಡ್ತಾ ಇದೀಯಪ್ಪ?”

“ಆ ಉಕ್ಕಿನ ಬಾಗಿಲು ಹಾಕಿದಾಗ್ಲಿಂದ. ಕೋಣೆ ಮೊದ್ಲು ನಮ್ಮದೇ ಉಗ್ರಾಣ. ಬಾಗಿಲಿಗೇ ದುಡ್ಡೆಲ್ಲ ಹೋಯ್ತು ಅಂತ ಗೋಡೆಗೆ ಪ್ಲೈವುಡ್ ಹೊಡೆದ್ರು. ಆ ಇಬ್ರು ಜಗಳ ಆಡ್ಕೊಂಡ ಮೇಲೆ ನೋಡಿ, ನನಗೆ ಉಸಿರಾಡೋಕೂ ಪುರಸೊತ್ತಿಲ್ಲ.” ಆಮೇಲೆ ಆಕೆಯ ಹಿಂದೆ ಬಂದು ನಿಂತ ಸಾಹೇಬನ ಮುಖ ನೋಡಿ, “ಸಕ್ಕರೆ ಹಾಕ್ಲಾ?” ಎಂದು ಮಾತು ತಿರುಗಿಸಿದ.

ತಕರಾರಮ್ಮ ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಇಡೀ ಕಚೇರಿಗೆ ಗೊತ್ತಿತ್ತು. ಬೆಂಚಿಗೆ ಬಂದವರಲ್ಲಿ ಬಾಯಾರಿಕೆ ಇದ್ದವರಿಗೆಲ್ಲ ಗೊತ್ತಾಗಿತ್ತು. ಗೊತ್ತಿಲ್ಲದೆ ಉಳಿದಿದ್ದವರು ಐದಾರು ಅಮಾಯಕರು, ಟೀ ಮುಟ್ಟಬೇಡ ಎಂದು ತಂಗಿಯಿಂದ ಆಣೆ ಹಾಕಿಸಿಕೊಂಡ ಅಕ್ಕ, ಮತ್ತು ತಾನು. ಮುಂದಿನ ಬಾಗಿಲಿನ ಬೀಗಗಳ ಬಗ್ಗೆ ತಾನು ಬರೆದ ಪುಟಗಳನ್ನು ಒಂದರ ಪಕ್ಕ ಒಂದು ಅಂಟಿಸಿದ್ದರೆ ಹಿಂದಿನ ಗೋಡೆ ಮುಚ್ಚಿ ಹೋಗುತ್ತಿತ್ತು. ಒಮ್ಮೆ ಎದ್ದು ಕೋಣೆಯ ಸುತ್ತ ನಡೆದಿರಲಿಲ್ಲ. ನಡೆದಿದ್ದರೆ ದಾರಿಯಲ್ಲಿ ಕ್ಯಾಂಟೀನು ಸಿಗುತ್ತಿತ್ತಲ್ಲ, ಶೀಲ ಕೆಡುತ್ತಿತ್ತಲ್ಲ. ಊರಿನವರಿಗೆಲ್ಲ ಹಂಚಿ ಮಿಕ್ಕ ತಿರಸ್ಕಾರವನ್ನು ಆಕೆ ಆ ಸ್ಟೂಲಿನ ಮೇಲೆ ಕೂತು ತನಗೇ ಬಡಿಸಿಕೊಂಡಳು. ರುಚಿ ಕಹಿಯಾಗಿತ್ತು.

ಸಾಹೇಬ ಬಗ್ಗಿ ಪಿಸುಗುಟ್ಟಿದ. “ಮೇಡಂ, ಅಕ್ಕಾವ್ರ ಪತ್ರ ಈಗ್ಲೇ ಇಲ್ಲಿಗೆ ತರಿಸ್ತೀನಿ. ಹಿಂದಿನ ವಿಷಯ ಹಿಂದೇನೇ ಇರ್ಲಿ. ನೀವು ಇದನ್ನ ಬರೆದ್ರೆ ಕೋಣೆಗೆ ಸೀಲ್ ಬೀಳತ್ತೆ, ತನಿಖೆ ಆಗತ್ತೆ. ತನಿಖೆ ಮುಗಿಯೋಷ್ಟರಲ್ಲಿ ಅಕ್ಕಾವ್ರ ಮಂಡಿ...”

ಆತ ಹೇಳಿದ್ದು ಸುಳ್ಳಲ್ಲ, ಅದೇ ಕಷ್ಟ. ಬರೆದರೆ ಕೋಣೆಗೆ ಸೀಲು, ಅಕ್ಕನಿಗೆ ಮೂರನೇ ಮಹಡಿ. ಬರೆಯದಿದ್ದರೆ ಅಕ್ಕನಿಗೆ ನೆಲಮಹಡಿ, ತಾನು ಈ ಮೇಜಿನಲ್ಲಿ ರಸ್ಕು ಅದ್ದುವವರ ಸಾಲಿಗೆ. ತಕರಾರಮ್ಮ ಎದ್ದಳು.

“ಬರೀತೀನಿ,” ಎಂದಳು. “ಆದ್ರೆ ಬರೆಯೋ ತನಕ ಮುಂದಿನ ಬಾಗಿಲು ತೆರೆದಿದೆ. ಬೀಗದೋರು ಇಬ್ರೂ ಇದಾರೆ. ಅವ್ರಿಬ್ರನ್ನೂ ಒಂದೇ ಮೇಜಿಗೆ ಕೂರಿಸಿ. ಬೆಂಚಲ್ಲಿ ಇರೋರು ಸಾಲಾಗಿ ಬಂದು, ಇಬ್ಬರ ಸಹಿ ಹಾಕಿಸ್ಕೊಂಡು, ತಮ್ಮ ಪತ್ರ ತಗೊಂಡು ಹೋಗ್ಲಿ. ಕೊನೆಯವರು ಹೋದ ಮೇಲೆ ನಾನು ಪೆನ್ ತೆಗೀತೀನಿ.”

ಮೇಜು ಬಂತು. ಸಾಲಿನಲ್ಲಿ ಅಕ್ಕ ಕಟ್ಟಕಡೆಗೆ ನಿಂತಳು. ಮಂಡಿನೋವಿನವಳು ಎದ್ದು ಬರುವಷ್ಟರಲ್ಲಿ ಮಿಕ್ಕವರು ಮುಂದೆ ಸೇರಿದ್ದರು. ತಕರಾರಮ್ಮ ಅವಳನ್ನು ಮುಂದೆ ಕರೆಯಲಿಲ್ಲ. ಅಕ್ಕ ಒಂದು ಸಲ ತಂಗಿಯತ್ತ ನೋಡಿದ ನೋಟ, ಇಂಜೆಕ್ಷನ್ ಕೊಡುವ ಮುಂಚೆ ಚರ್ಮ ಒರೆಸುವಂಥ ನೋಟ.

ಗಂಡ ಹೆಂಡತಿ ಇಬ್ಬರೂ ಕೆಲಸವನ್ನು ಎಳೆದು ಎಳೆದು ರಬ್ಬರು ಮಾಡಿದರು. ಆತ ಸಹಿ ಹಾಕಿ ಕಾಗದವನ್ನು ಆಕೆಯತ್ತ ಸರಿಸದೆ ಮೇಜಿನ ನಡುವೆ ಬಿಡುತ್ತಿದ್ದ. ಆಕೆ ಅದನ್ನು ಎರಡು ಬೆರಳಲ್ಲಿ, ಸತ್ತ ಜಿರಲೆ ಎತ್ತುವಂತೆ ಎತ್ತಿಕೊಳ್ಳುತ್ತಿದ್ದಳು. ಎಲ್ಲ ಮುಗಿದು ಅಕ್ಕ ಮೇಜಿನ ಮುಂದೆ ಬಂದಾಗ ಕಚೇರಿ ಮುಗಿಯುವ ಗಂಟೆ ಹೊಡೆಯಿತು. ಹೆಂಡತಿ ಮೊದಲು ಸಹಿ ಹಾಕಿದಳು. ಗಂಡ ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟ.

“ಹೊತ್ತಾಯ್ತು. ನಾಳೆ ರಜಾ, ಸೋಮವಾರ ಬನ್ನಿ.”

“ಸೋಮವಾರ ಸೀಲ್ ಇರತ್ತೆ,” ಎಂದಳು ತಕರಾರಮ್ಮ.

“ಇರ್ಲಿ. ನನ್ನ ಮನೆಗೆ ಸೀಲ್ ಹಾಕ್ದೋರು ನೀವು. ಈಗ ನಿಮ್ಮ ಅಕ್ಕಾವ್ರ ಮನೆ ಬಂತು ಅಂತ ಸಹಿ ಬೇಕಾ?”

ಆಕೆ ಈ ಮನುಷ್ಯನನ್ನು ವರದಿಯಲ್ಲಿ ‘ಸದರಿ ನೌಕರ’ ಎಂದಲ್ಲದೆ ಬೇರೆ ಯಾವ ಹೆಸರಿನಿಂದಲೂ ಕರೆದಿರಲಿಲ್ಲ. ಅಕ್ಕ ಮೇಜಿನ ಅಂಚು ಹಿಡಿದು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ತಕರಾರಮ್ಮ ಅದನ್ನು ನೋಡಿದಳು. “ದಯವಿಟ್ಟು ಹಾಕಿ,” ಎಂದಳು. ಆ ಕಚೇರಿಯಲ್ಲಿ ಆಕೆ ಯಾರನ್ನಾದರೂ ಏನನ್ನಾದರೂ ಬೇಡಿದ್ದು ಅದೇ ಮೊದಲು. ಬೀಗದಾತ ಬೀಗಿದ.

“ಹಾಗಾದ್ರೆ ಬರೆದುಕೊಡಿ. ನಾವಿಬ್ರೂ ಒಂದೇ ಮನೇಲಿ ಇರಬಹುದು, ಆಕ್ಷೇಪಣೆ ಇಲ್ಲ ಅಂತ.”

ತಕರಾರಮ್ಮ ಬಾಯಿ ತೆರೆಯುವ ಮೊದಲೇ ಚಿಕ್ಕ ಬೀಗ ಎದ್ದು ಕೈಚೀಲ ಹೆಗಲಿಗೆ ಹಾಕಿದಳು. “ಮೇಡಂ, ಅದೊಂದು ಬರೀಬೇಡಿ. ನೀವು ಬರೆದದ್ರಲ್ಲಿ ನನಗೆ ಉಪಕಾರ ಆಗಿದ್ದು ಅದೊಂದೇ.” ಆಮೇಲೆ, ಎಷ್ಟೋ ಕಾಲದ ನಂತರ, ಗಂಡನ ಕಡೆ ತಿರುಗಿದಳು. “ಸಹಿ ಹಾಕ್ರಿ. ಆ ಅಮ್ಮನ ಕಾಲು ನೋಡಿ. ಮನೆಗೆ ಹೋಗೋಣ.”

ಆತ ತಲೆಯೆತ್ತಿ ಆಕೆಯನ್ನು ನೋಡಿದ. ಮುಖದಲ್ಲಿದ್ದ ಸೊಕ್ಕೆಲ್ಲ ಇಳಿದು, ಪಾಪ, ಒಳಗಿದ್ದ ಪೆದ್ದ ಕಾಣಿಸಿಕೊಂಡ. ಪೆನ್ ತೆಗೆದ, ಸಹಿ ಹಾಕಿದ, ಮೊಹರನ್ನೂ ಒತ್ತಿದ. ಆಮೇಲೆ ಕೇಳಿದ, “ಯಾವ ಮನೆಗೆ?”

“ನಾನು ನಮ್ಮಮ್ಮನ ಮನೆಗೆ. ನೀವು ನಿಮ್ಮ ಮನೆಗೆ,” ಎಂದು ಆಕೆ ಹೊರಟುಹೋದಳು.

ಅಕ್ಕ ಲಕೋಟೆಯನ್ನು ಸೆರಗಿನ ಒಳಗೆ ಸೇರಿಸಿಕೊಂಡು ಬೆಂಚಿನ ಮೇಲೆ ಕೂತಳು. ತಕರಾರಮ್ಮ ಆ ಮೇಜಿನಲ್ಲೇ ಕೂತು ಬರೆದಳು. ಪ್ಲೈವುಡ್ಡು, ಸರಿಯುವ ಹಲಗೆ, ಬೆಲೆ ಬರೆಯದ ಟೀ, ರಸ್ಕು. ಯಾವ ಪದವನ್ನೂ ಮೆತ್ತಗೆ ಮಾಡಲಿಲ್ಲ. ಕೊನೆಗೆ ತನ್ನ ಮೇಲೆಯೇ ಒಂದು ಆಕ್ಷೇಪಣೆ ಬರೆದಳು: ತಪಾಸಕರು ಇಷ್ಟು ವರ್ಷ ಕೋಣೆಯ ಹಿಂಭಾಗವನ್ನು ನೋಡಿರುವುದಿಲ್ಲ, ಸ್ವಂತ ಸಂಬಂಧಿಯ ಪತ್ರ ಇದ್ದ ಕಡೆ ತಾವೇ ಪರಿಶೀಲನೆ ನಡೆಸಿರುತ್ತಾರೆ, ವಿವರಣೆ ಕೇಳುವುದು. ಪ್ಲೈವುಡ್ಡಿಗೂ ಉಕ್ಕಿನ ಬಾಗಿಲಿಗೂ ಸೀಲು ಬಿತ್ತು. ನೋಡೋಣ ಸಾಹೇಬನಿಗೆ ಅಂದು ಸಂಜೆ ನೋಡಲು ಗಡಿಯಾರವೊಂದು ಬಿಟ್ಟು ಬೇರೆಯದೂ ಇತ್ತು.

ಔಷಧಿ ಅಂಗಡಿಯವನು ಪತ್ರವನ್ನು ದೀಪಕ್ಕೆ ಹಿಡಿದು ನೋಡಿ, ತೃಪ್ತಿಪಟ್ಟು, ಮುಂಗಡದ ಮಾತು ಕೈಬಿಟ್ಟ. ಅಕ್ಕತಂಗಿಯರು ಮೂರನೇ ಮಹಡಿಗೆ ಹತ್ತತೊಡಗಿದರು. ಅಕ್ಕ ಪ್ರತಿ ತಿರುವಿನಲ್ಲೂ ನಿಂತು ದಮ್ಮು ತೆಗೆದುಕೊಂಡಳು.

“ಎಲ್ಲಾ ಬರ್ದ್ಯಾ?”

“ಬರ್ದೆ.”

“ನನ್ನ ಹೆಸ್ರೂ?”

“ಬರ್ದೆ.”

“ಬಣ್ಣದ ಪೆನ್ನಲ್ಲಿ ಅಡಿಗೆರೆ ಎಳೀಬೇಕಿತ್ತು.” ಇನ್ನೊಂದು ತಿರುವು. ಅಕ್ಕ ಮೆಟ್ಟಿಲ ಕಂಬಿ ಹಿಡಿದು ನಿಂತಳು. “ಕೆಲಸ ಹೋಗತ್ತಾ?”

“ಹೋಗಲ್ಲ. ಬೇರೆ ಯಾವ್ದಾದ್ರೂ ಆಫೀಸಿನ ಲೆಕ್ಕಕ್ಕೆ ಹಾಕ್ತಾರೆ. ಎಲ್ಲಿ ಹಾಕಿದ್ರೂ ಇಂಥವ್ರೇ ಇರ್ತಾರೆ.”

“ಮತ್ತೆ ಅಲ್ಲಿಗೆ ಹೋದ ದಿನಾನೇ ಮೊದ್ಲು ಒಂದು ಟೀ ಕುಡಿ,” ಎಂದಳು ಅಕ್ಕ. “ದುಡ್ಡು ನೀನೇ ಕೊಡು.” ತಂಗಿಯ ಭುಜದ ಮೇಲೆ ಕೈಯಿಟ್ಟು ಮುಂದಿನ ಮೆಟ್ಟಿಲಿಗೆ ಕಾಲೆತ್ತಿದಳು.